ಸಂಧಿಕಾರ್ಯವೂ ಸಂಗೀತವೂ: ಕದ್ರಿ ಗೋಪಾಲನಾಥರ ಕೂಡುವಾದನಗಳು

ಬೇರೆ ಬೇರೆ ಸಂಪ್ರದಾಯಗಳಲ್ಲಿ ಪಳಗಿದ ವಾದಕರು ಒಂದೇ ವೇದಿಕೆಯ ಮೇಲೆ ಕುಳಿತು ನುಡಿಸುವ ಪದ್ಧತಿ ಕಳೆದ ಐದು ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. 1976ರಲ್ಲಿ ಹೊರಬಂದ 'ಶಕ್ತಿ' ತಂಡದ ಮುದ್ರಿಕೆಯಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ಅವರೊಡನೆ ಎಲ್. ಶಂಕರ್ ಪಿಟೀಲನ್ನೂ ಜಾಕಿರ್ ಹುಸೇನ್ ತಬಲೆಯನ್ನೂ ವಿನಾಯಕರಾಮ್ ಘಟವನ್ನೂ ನುಡಿಸಿದರು. ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದಿಂದ ಬಂದ ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಅವರು 1996ರಲ್ಲಿ ಮೋಹನವೀಣೆಯ ವಿಶ್ವಮೋಹನ ಭಟ್ಟರೊಡನೆ ಕೂಡಿ ಒಂದು ಮುದ್ರಿಕೆಯನ್ನು ತಂದರು. ಇಂಥ ಪ್ರಯೋಗಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ನಾದಕ್ಕೆ ನಾಡಿನ ಗಡಿಯಿಲ್ಲ, ಆದುದರಿಂದ ಯಾರು ಯಾರೊಡನೆ ನುಡಿಸಿದರೂ ಚೆನ್ನ ಎಂಬುದು ಒಂದು. ಇದೆಲ್ಲ ಸಂಕರ, ಇದರಿಂದ ಶಾಸ್ತ್ರ ಕೆಡುತ್ತದೆ ಎಂಬುದು ಇನ್ನೊಂದು. ಈ ಎರಡು ತೀರ್ಪುಗಳನ್ನೂ ವಾದನವನ್ನು ಕೇಳದೆಯೇ ಕೊಟ್ಟುಬಿಡಬಹುದು. ಅವುಗಳ ದೋಷವಿರುವುದು ಅಲ್ಲಿಯೇ. ಎರಡು ಸಂಗೀತಗಳು ಕೂಡಿದಾಗ ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು, ಯಾವುದು ಹೊಸದಾಗಿ ಬಂದಿತು ಎಂದು ವಿಚಾರಿಸುವುದು ವಿಮರ್ಶೆಯ ಕೆಲಸ. ಕನ್ನಡನಾಡಿನ ಸ್ಯಾಕ್ಸೋಫೋನ್ ವಿದ್ವಾಂಸರಾಗಿದ್ದ ಕದ್ರಿ ಗೋಪಾಲನಾಥರ (1949-2019) ವಾದನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಎರಡು ಸೇರಿದಾಗ ಏನಾಗುತ್ತದೆ ಎಂಬುದನ್ನು ಉಪಾಧ್ಯಾಯರಾದ ನಾವು ವರ್ಷವರ್ಷವೂ ಸಂಧಿಪ್ರಕರಣದಲ್ಲಿ ಪಾಠ ಹೇಳುತ್ತಲೇ ಇದ್ದೇವೆ. ಊರು, ಅಲ್ಲಿ ಎಂಬುವು ಸೇರಿ 'ಊರಲ್ಲಿ' ಎಂದಾದಾಗ ಒಂದು ಸ್ವರ ಲೋಪವಾಗುತ್ತದೆ. 'ಮನೆಯಲ್ಲಿ' ಎಂಬಲ್ಲಿ ಎರಡು ಸ್ವರಗಳೂ ಉಳಿದು ನಡುವೆ ಯಕಾರ ಆಗಮವಾಗುತ್ತದೆ. 'ಮಳೆಗಾಲ'ದಲ್ಲಿ ಕಕಾರದ ಸ್ಥಾನಕ್ಕೆ ಗಕಾರ ಆದೇಶವಾಗಿ ಬರುತ್ತದೆ. 'ಅಬ್ಬಾ ಅದೇನು' ಎಂಬಂಥ ಕಡೆ ಸಂಧಿಯೇ ಆಗದೆ ಪದಗಳು ಇದ್ದಂತೆಯೇ ಇರುತ್ತವೆ, ಅದು ಪ್ರಕೃತಿಭಾವ. ಸಂಗೀತದ ಕೂಡಿಕೆಯಲ್ಲಿಯೂ ಈ ನಾಲ್ಕು ಕ್ರಮಗಳು ಕಾಣಬರುತ್ತವೆ.

ಮೊದಲು ಆದೇಶದ ಮಾತು. ಗೋಪಾಲನಾಥರು ಹುಟ್ಟಿದ್ದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡ ಗ್ರಾಮದಲ್ಲಿ. ತಂದೆಯವರು ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ದನಿ ಕೇಳಿ ಅವರ ಮನಸ್ಸು ಅತ್ತ ಒಲಿಯಿತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ನಡೆಯಿತು. ಈ ವಾದ್ಯವನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. ಅವನಿಗೆ ಅದರ ಹಕ್ಕುಪತ್ರ ದೊರೆತದ್ದು 1846ರಲ್ಲಿ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಆಡುತ್ತದೆ. ಬೆರಳನ್ನು ಅರ್ಧ ಎತ್ತಿ, ಉಸಿರನ್ನು ಬಿಗಿಮಾಡಿ, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ, ಮುಚ್ಚಳಗಳಿವೆ. ಅದು ಸ್ವರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ವಾದ್ಯ. ಮೆಟ್ಟಿಲುಗಳ ನಡುವಣ ಇಳಿಜಾರಿನಲ್ಲಿ ಬದುಕಿರುವ ಗಮಕಕ್ಕೆ ಅಲ್ಲಿ ಸಹಜವಾದ ಸ್ಥಳವಿಲ್ಲ. ಗೋಪಾಲನಾಥರು ವರ್ಷಗಟ್ಟಲೆ ಸಾಧನೆಮಾಡಿ ತುಟಿ, ಉಸಿರು, ಬೆರಳು ಮೂರನ್ನೂ ಹದಕ್ಕೆ ತಂದು ಆ ಸ್ಥಳವನ್ನು ಕಲ್ಪಿಸಿಕೊಂಡರು. ಪರದೇಶದ ಪದ ನಮ್ಮ ವ್ಯಾಕರಣಕ್ಕೆ ಬಗ್ಗಿತು. ಅವರ ಮುಂದಿನ ಎಲ್ಲ ಕೂಡುವಾದನಗಳಿಗೂ ಈ ಆದೇಶಕಾರ್ಯವೇ ತಳಹದಿ. ಅನ್ಯರ ವಾದ್ಯವನ್ನು ಕೈಯಲ್ಲಿ ಹಿಡಿದಿದ್ದರೂ ಅವರು ತಮ್ಮ ಮಾತನ್ನೇ ಆಡಬಲ್ಲವರಾಗಿದ್ದರು.

ಆಗಮಕ್ಕೆ ಉದಾಹರಣೆ 1980ರ ಮುಂಬಯಿ ಜಾಝ್ ಉತ್ಸವ. ಅಲ್ಲಿ ಗೋಪಾಲನಾಥರ ವಾದನವನ್ನು ಕೇಳಿದ ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿಯವರು ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆಯೇರಿದರು. ಹ್ಯಾಂಡಿಯವರು ಬರಿಗೈಯಲ್ಲಿ ಬಂದವರಲ್ಲ. 1975ರಲ್ಲಿಯೇ ಸರೋದಿನ ಅಲಿ ಅಕ್ಬರ್ ಖಾನರೊಡನೆ ನುಡಿಸಿ ಮುದ್ರಿಸಿದವರು, ರಾಗವೆಂದರೇನು ಎಂಬುದನ್ನು ಬಲ್ಲವರು. ಇಬ್ಬರಿಗೂ ತಮ್ಮ ತಮ್ಮ ಸ್ವರ ಪೂರ್ಣವಾಗಿದ್ದುದರಿಂದಲೇ ನಡುವೆ ಮೂರನೆಯದೊಂದು ಹುಟ್ಟಲು ಅವಕಾಶವಾಯಿತು. ಅಲ್ಲಿಂದ ಮುಂದೆ ಗೋಪಾಲನಾಥರಿಗೆ ಹೊರದೇಶದ ವೇದಿಕೆಗಳು ತೆರೆದುಕೊಂಡವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಪ್ರಾಮನೇಡ್ ಕಚೇರಿಗೆ ಅವರಿಗೆ ಆಹ್ವಾನ ಬಂದಿತು.

ಅದೇ ವರ್ಷ ತೆರೆಕಂಡ 'ಡ್ಯುಯೆಟ್' ಚಿತ್ರವನ್ನು ನಮ್ಮ ಸೇಲಂ, ಧರ್ಮಪುರಿ ಸೀಮೆಯ ಜನ ಚೆನ್ನಾಗಿ ಬಲ್ಲರು. ಕೆ. ಬಾಲಚಂದರ್ ಅವರ ನಿರ್ದೇಶನ, ಎ. ಆರ್. ರಹಮಾನ್ ಅವರ ಸಂಗೀತ; ಕಥಾನಾಯಕನ ಕೈಯಲ್ಲಿದ್ದ ಸ್ಯಾಕ್ಸೋಫೋನಿನ ದನಿ ಗೋಪಾಲನಾಥರದು. ಕಚೇರಿಗೆ ಎಂದೂ ಹೋಗದವರ ಕಿವಿಗೂ ಈ ಚಿತ್ರ ಆ ದನಿಯನ್ನು ಮುಟ್ಟಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ ಇಲ್ಲಿ ನಡೆದದ್ದು ಲೋಪಸಂಧಿ ಎನ್ನಬೇಕು. ಚಿತ್ರದ ಸನ್ನಿವೇಶಕ್ಕೆ ಬೇಕಾದದ್ದು ಒಂದು ಭಾವ, ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ದನಿ ಉಳಿಯಿತು, ರಾಗದ ವಿಸ್ತಾರ ಬಿದ್ದುಹೋಯಿತು. ಹಾಗಾಯಿತೆಂದು ಚಿತ್ರವನ್ನು ಹಳಿಯಬೇಕಾಗಿಲ್ಲ. 'ಊರಲ್ಲಿ' ಎಂಬುದೂ ಶುದ್ಧರೂಪವೇ. ಬಿದ್ದುಹೋದದ್ದು ಯಾವುದೆಂದು ಕೇಳುವವನಿಗೆ ತಿಳಿದಿದ್ದರೆ ಸಾಕು.

ಗೋಪಾಲನಾಥರ ಕೂಡುವಾದನಗಳಲ್ಲಿ ಹೆಚ್ಚು ವಿಚಾರಾರ್ಹವಾದುದು 2008ರಲ್ಲಿ ಹೊರಬಂದ 'ಕಿನ್ಸ್‌ಮೆನ್', ಎಂದರೆ ಬಂಧುಗಳು, ಎಂಬ ಮುದ್ರಿಕೆ. ಇದರ ರಚನಕಾರ ರುದ್ರೇಶ್ ಮಹಾಂತಪ್ಪ. ಇವರು ಕನ್ನಡ ಮೂಲದ ಕುಟುಂಬದವರು. 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದು ಜಾಝ್ ಕಲಿತವರು. ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಒಂದು ಮುದ್ರಿಕೆ ಅವರ ಕಿವಿಯನ್ನು ತೆರೆಯಿತು. ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನೇ. ಆದರೂ ಯಾರು ಯಾವಾಗ ನುಡಿಸುತ್ತಿದ್ದಾರೆಂದು ಹೇಳಲು ಬಹಳ ಪರಿಶ್ರಮ ಬೇಡ: ಒಬ್ಬರ ಸ್ವರ ಜಾರಿ ಬಂದು ನಿಲ್ಲುತ್ತದೆ, ಇನ್ನೊಬ್ಬರದು ಮೊನಚಾಗಿ ಎದ್ದು ದಟ್ಟವಾಗಿ ಸುರಿಯುತ್ತದೆ. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ ಒಂದು ಕಡೆ. ರೆಜ್ ಅಬ್ಬಾಸಿಯವರ ಗಿಟಾರ್, ಬಾಸ್, ಡ್ರಮ್ ಇನ್ನೊಂದು ಕಡೆ.

ಇಂಥ ಕೂಟದಲ್ಲಿರುವ ನಿಜವಾದ ತೊಡಕನ್ನು ಇಲ್ಲಿ ಹೇಳಬೇಕು. ಜಾಝ್ ಸಂಗೀತದಲ್ಲಿ ಸ್ವರಮೇಳದ ಆಧಾರ ಆಗಾಗ ಬದಲಾಗುತ್ತದೆ. ನಮ್ಮಲ್ಲಿ ಆಧಾರಷಡ್ಜ ಅಲುಗುವಂತಿಲ್ಲ. ಕಲ್ಯಾಣಿಯನ್ನು ನುಡಿಸುತ್ತಿರುವಾಗ ಕೆಳಗಿನ ಆಧಾರ ಪಂಚಮಕ್ಕೆ ಸರಿದು ನಿಂತರೆ ಅದೇ ಸ್ವರಗಳು ಶಂಕರಾಭರಣವಾಗಿ ಕೇಳುತ್ತವೆ; ಧೈವತಕ್ಕೆ ಸರಿದರೆ ಖರಹರಪ್ರಿಯವಾಗುತ್ತವೆ. ಗ್ರಹಭೇದವೆಂದು ಶಾಸ್ತ್ರ ಹೇಳುವುದು ಇದನ್ನೇ. ನುಡಿಸುವವನು ಕಲ್ಯಾಣಿಯಲ್ಲಿಯೇ ಇದ್ದರೂ ಕೇಳುವವನ ಪಾಲಿಗೆ ಕಲ್ಯಾಣಿ ಕಳೆದುಹೋಗುತ್ತದೆ. ಆದುದರಿಂದ ರಾಗ ಉಳಿಯಬೇಕಾದರೆ ಜಾಝ್ ವಾದಕರು ತಮ್ಮ ಸ್ವರಮೇಳದ ಸಂಚಾರವನ್ನು ಬಿಗಿಹಿಡಿಯಬೇಕು. ಅದು ಅವರ ಪಾಲಿನ ತ್ಯಾಗ. ಈ ಮುದ್ರಿಕೆಯಲ್ಲಿ 'ಕಲ್ಯಾಣಿ' ಎಂಬ ಹೆಸರಿನದೇ ಒಂದು ರಚನೆಯಿದೆ. ಆ ತ್ಯಾಗದ ಅರಿವಿಟ್ಟುಕೊಂಡು ಅದನ್ನು ಕೇಳಬೇಕು.

ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಕೂಡಿ ನುಡಿಸಿದ ರಚನೆಗಳ ನಡುನಡುವೆ ಒಬ್ಬೊಬ್ಬ ವಾದಕರ ಚಿಕ್ಕ ಆಲಾಪಗಳನ್ನು ಪ್ರತ್ಯೇಕವಾಗಿ ಇರಿಸಲಾಗಿದೆ. ಲಯವನ್ನು ಹಂಚಿಕೊಳ್ಳಬಹುದು, ರಚಿತವಾದ ಸ್ವರಸಾಲನ್ನು ಹಂಚಿಕೊಳ್ಳಬಹುದು. ಆಲಾಪನೆಯನ್ನು ಮಾತ್ರ ಹಂಚಿಕೊಳ್ಳಲಾಗದು, ಅದು ಅವರವರದೇ. ಇದೇ ಪ್ರಕೃತಿಭಾವ. ಹೊಂದದ್ದನ್ನು ಹೊಂದಿಸಿದಂತೆ ನಟಿಸದೆ ಬೇರೆಯಾಗಿಯೇ ಬಿಟ್ಟಿರುವುದು ಈ ಕೃತಿಯ ಪ್ರಾಮಾಣಿಕತೆ. ದೋಷವಿಲ್ಲವೆಂದಲ್ಲ. ಆಲಾಪಗಳು ತೀರ ಚಿಕ್ಕವು. ಗೋಪಾಲನಾಥರ ಕಚೇರಿಯಲ್ಲಿ ರಾಗ ನಿಧಾನವಾಗಿ ಅರಳುತ್ತಿದ್ದ ಪರಿಯನ್ನು ಬಲ್ಲವರಿಗೆ ತೃಪ್ತಿಯಾಗದು. ವೇಗವೂ ತಾಳದ ಚಮತ್ಕಾರವೂ ಸುಲಭವಾಗಿ ಕೂಡಿಬರುವುದರಿಂದ ಇಂಥ ಕೂಟಗಳೆಲ್ಲ ಅತ್ತಲೇ ವಾಲುತ್ತವೆ; ವಿಳಂಬಕಾಲ ಹಿಂದೆ ಬೀಳುತ್ತದೆ. ಈ ಮುದ್ರಿಕೆಯೂ ಆ ಸೆಳೆತದಿಂದ ಪೂರ್ತಿಯಾಗಿ ಪಾರಾಗಿಲ್ಲ.

ಮಹಾಂತಪ್ಪನವರು 2006ರಲ್ಲಿ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ತಮಿಳು ಮನೆತನದ ಪಿಯಾನೊ ವಾದಕ ವಿಜಯ್ ಅಯ್ಯರ್ ಅವರೊಡನೆ 'ರಾ ಮೆಟೀರಿಯಲ್ಸ್' ಎಂಬ ಯುಗಳವಾದನವನ್ನೂ ಮುದ್ರಿಸಿದ್ದಾರೆ. ಪಿಯಾನೊದಲ್ಲಿ ಗಮಕಕ್ಕೆ ದಾರಿಯೇ ಇಲ್ಲ. ತಂತಿಗೆ ಪೆಟ್ಟು ಬಿದ್ದ ಮೇಲೆ ಸ್ವರವನ್ನು ಅಲುಗಿಸಲಾಗದು. ಆದುದರಿಂದ ದಕ್ಷಿಣದೇಶದ ಗುರುತು ಅಲ್ಲಿ ಉಳಿಯುವುದಾದರೆ ತಾಳದ ಲೆಕ್ಕಾಚಾರದಲ್ಲಿ ಮಾತ್ರ ಉಳಿಯಬಲ್ಲದು. ಕನ್ನಡ ಮನೆತನದವರೊಬ್ಬರು, ತಮಿಳು ಮನೆತನದವರೊಬ್ಬರು ದೂರದೇಶದಲ್ಲಿ ಮೂರನೆಯದೊಂದು ಭಾಷೆಯಲ್ಲಿ ಸಂಧಿಸಿದ್ದಾರೆ ಎಂಬುದು ನಮ್ಮಂಥ ಗಡಿನಾಡಿನವರ ಕುತೂಹಲವನ್ನು ಕೆರಳಿಸದೆ ಇರದು.

ಈ ವಿಮರ್ಶೆ ನಮ್ಮ ವೃತ್ತಿಯನ್ನೂ ಮುಟ್ಟುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿಕೊಂಡು ಬೆಳೆಯುವವರು. ತಮಿಳುನಾಡಿನ 2006ರ ಕಾಯಿದೆ ಬಂದಂದಿನಿಂದ ತಮಿಳಿನ ಕಲಿಕೆ ಪಾಠಪಟ್ಟಿಯಲ್ಲಿ ಇನ್ನಷ್ಟು ಬಲವಾಗಿ ನೆಲೆಗೊಂಡಿದೆ. ತಮಿಳನ್ನು ಚೆನ್ನಾಗಿ ಕಲಿಯುವುದರಿಂದ ಕನ್ನಡಕ್ಕೆ ಕೇಡಿಲ್ಲ. ಗೋಪಾಲನಾಥರು ಮದರಾಸಿನಲ್ಲಿ ಕಲಿತದ್ದರಿಂದ ಅವರ ವಿದ್ಯೆ ಬೆಳೆಯಿತೇ ಹೊರತು ಕುಗ್ಗಲಿಲ್ಲ. ಕೇಡು ಬರುವುದು ಕನ್ನಡವನ್ನು ಅರೆಬರೆಯಾಗಿ ಕಲಿಸಿ, ಹೇಗೂ ಎಲ್ಲವೂ ಬೆರೆಯುತ್ತದೆ ಎಂದು ಸಮಾಧಾನಪಟ್ಟುಕೊಂಡಾಗ. ಆಗಮ ಬರಬೇಕಾದರೆ ಎರಡು ಕಡೆಯೂ ಸ್ವರವಿರಬೇಕು. ಒಂದು ಕಡೆಯ ಸ್ವರ ಮೊದಲೇ ಸವೆದುಹೋಗಿದ್ದರೆ ಅಲ್ಲಿ ಉಳಿಯುವುದು ಲೋಪವೊಂದೇ.

ಸಂಧಿಪ್ರಕರಣವನ್ನು ಪಾಠ ಮಾಡುವ ಉಪಾಧ್ಯಾಯ ಮಿತ್ರರು ಒಂದು ದಿನ ಗೋಪಾಲನಾಥರು ಒಬ್ಬರೇ ನುಡಿಸಿದ ಒಂದು ರಾಗವನ್ನೂ 'ಕಿನ್ಸ್‌ಮೆನ್' ಮುದ್ರಿಕೆಯ 'ಕಲ್ಯಾಣಿ'ಯನ್ನೂ ತರಗತಿಯಲ್ಲಿ ಒಂದಾದ ಮೇಲೊಂದರಂತೆ ಕೇಳಿಸಬಹುದು. ಏನು ಉಳಿಯಿತು, ಏನು ಹೋಯಿತು, ಏನು ಬಂದಿತು ಎಂದು ಮಕ್ಕಳಿಂದಲೇ ಉತ್ತರ ಪಡೆದರೆ ವ್ಯಾಕರಣದ ಪಾಠವೂ ಆದೀತು, ರಸಾಸ್ವಾದದ ಪಾಠವೂ ಆದೀತು.