ಮಾಲ್ಗುಡಿಯ ಹಳಹಳಿಕೆ

ದೂರದರ್ಶನದ ಹಳೆಯ ಧಾರಾವಾಹಿಗಳ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳಿಬರುವ ಹೆಸರುಗಳಲ್ಲಿ ‘ಮಾಲ್ಗುಡಿ ಡೇಸ್’ ಒಂದು. ಆರ್. ಕೆ. ನಾರಾಯಣರ ಕತೆಗಳನ್ನು ಶಂಕರನಾಗ್ ಅವರು 1980ರ ದಶಕದ ಉತ್ತರಾರ್ಧದಲ್ಲಿ ಆಗುಂಬೆಯ ಆವರಣದಲ್ಲಿ ತೆರೆಗೆ ತಂದರು. ಅದನ್ನು ಅಂದು ಕಂಡವರು ಇಂದು ನೆನೆಯುವ ರೀತಿ ಬಹುಮಟ್ಟಿಗೆ ಒಂದೇ ತೆರನಾದುದು. ಎಲ್. ವೈದ್ಯನಾಥನ್ ಅವರ ಆ ರಾಗ ಕಿವಿಗೆ ಬಿದ್ದರೆ ಸಾಕು, ಮುಖ ಅರಳುತ್ತದೆ. ‘ಅಂಥ ಕಾಲ ಇನ್ನು ಬಾರದು’ ಎಂಬ ನಿಟ್ಟುಸಿರು ಅದರ ಬೆನ್ನಿಗೇ ಬರುತ್ತದೆ.

ಶಂಕರನಾಗ್ 1990ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನನ್ನಂಥವರಿಗೂ ಈ ನಿಟ್ಟುಸಿರು ಪಿತ್ರಾರ್ಜಿತವಾಗಿ ಬಂದಿದೆ. ನಾವು ಸ್ವಾಮಿಯನ್ನು ಕಂಡದ್ದು ಮರುಪ್ರಸಾರದಲ್ಲಿ. ಆಮೇಲೆ ಮೊಬೈಲಿನ ಅಂಗೈಯಗಲದ ತೆರೆಯಲ್ಲಿ. ಒಂದು ಕಂತಿಗಾಗಿ ವಾರವಿಡೀ ಕಾಯುವ ಸುಖವನ್ನು ನಾವರಿಯೆವು. ಆದರೂ ಹಂಬಲಿಸುತ್ತೇವೆ. ಕಾಣದ ಕಾಲಕ್ಕಾಗಿ ಪಡುವ ಈ ಹಂಬಲ ವಿಚಿತ್ರವಾದರೂ ಸುಳ್ಳಲ್ಲ. ಆದರೆ ಅದು ಕೃತಿಗೆ ನ್ಯಾಯ ಸಲ್ಲಿಸುತ್ತದೆಯೇ ಎಂಬುದು ಪ್ರಶ್ನೆ. ಸಲ್ಲಿಸುವುದಿಲ್ಲವೆಂದೇ ನನಗೆ ತೋರುತ್ತದೆ.

ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಅದರ ಕತೆ ನಡೆಯುವುದು 1930ರ ಸುಮಾರಿನಲ್ಲಿ. ಎಂದರೆ ಅವರು ಬರೆದದ್ದು ತಮ್ಮ ಕಣ್ಣೆದುರಿನ ಕಾಲವನ್ನು. ಶಂಕರನಾಗ್ ಚಿತ್ರಿಸುವ ಹೊತ್ತಿಗೆ ಆ ಕಾಲಕ್ಕೆ ಐವತ್ತು ವರ್ಷ ಸಂದಿತ್ತು. ಹೆಂಚಿನ ಮನೆ, ಕರಿಕೋಟು, ಟೋಪಿ ಎಲ್ಲವೂ ನೆನಪಿನ ಸಾಮಗ್ರಿಯಾಗಿದ್ದವು. ಈಗ ಧಾರಾವಾಹಿಗೂ ನಲವತ್ತರ ಹತ್ತಿರ ವಯಸ್ಸು. ನಮ್ಮದು ನೆನಪಿನ ನೆನಪು. ಒಂದೊಂದು ಕೈ ದಾಟಿದಾಗಲೂ ಕತೆಯಲ್ಲಿದ್ದ ಒಗರು ಸ್ವಲ್ಪ ಸ್ವಲ್ಪವೇ ಇಳಿದು, ಸಿಹಿ ಮಾತ್ರ ತಳದಲ್ಲಿ ನಿಂತಿದೆ.

ಆ ಒಗರು ಯಾವುದು? ಭಯ. ಸ್ವಾಮಿಯ ಬಾಲ್ಯದ ತುಂಬ ಇರುವುದು ಭಯವೇ. ಮಾವಿನ ಹಣ್ಣಿನ ಲೆಕ್ಕವನ್ನು ನೆನೆದು ನಾವು ನಗುತ್ತೇವೆ. ಹಣ್ಣು ಪಕ್ವವಾಗಿತ್ತೇ ಎಂದು ತಿಳಿಯದೆ ಬೆಲೆ ಕಟ್ಟುವುದು ಹೇಗೆಂಬ ಆ ಹುಡುಗನ ಚಿಂತೆ ನಗಿಸುವಂಥದೇ ಸರಿ. ಆದರೆ ಕಾದಂಬರಿಯಲ್ಲಿ ಆ ಲೆಕ್ಕ ಮುಗಿಯುವುದು ಅಳುವಿನಲ್ಲಿ. ಅವನು ಒಂದಾದ ಮೇಲೊಂದರಂತೆ ಎರಡು ಶಾಲೆಗಳನ್ನು ಬಿಟ್ಟು ಓಡುತ್ತಾನೆ. ಕಡೆಗೆ ಊರನ್ನೇ ಬಿಟ್ಟು ಹೋಗಿ ಕಾಡಿನ ದಾರಿಯಲ್ಲಿ ಕಂಗೆಡುತ್ತಾನೆ. ಇದನ್ನು ಬಾಲ್ಯದ ಸ್ವರ್ಗವೆಂದು ಕರೆಯಲು ದೊಡ್ಡವರಿಗಷ್ಟೇ ಸಾಧ್ಯ.

ವಯಸ್ಸು ನೋಟವನ್ನು ಬದಲಿಸುವುದಕ್ಕೆ ‘ಎ ಹೀರೋ’ ಕತೆ ಒಳ್ಳೆಯ ನಿದರ್ಶನ. ಧೈರ್ಯ ಕಲಿಸಬೇಕೆಂದು ತಂದೆ ಮಗನನ್ನು ಕಚೇರಿಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಭೂತವೆಂದು ಹೆದರಿದ ಹುಡುಗ ಕಳ್ಳನ ಕಾಲನ್ನು ಕಚ್ಚಿ ಊರಿಗೆಲ್ಲ ವೀರನಾಗುತ್ತಾನೆ. ಚಿಕ್ಕವನಿದ್ದಾಗ ನಾನು ನೋಡಿದ್ದು ಮಾಸ್ಟರ್ ಮಂಜುನಾಥನನ್ನು ಮಾತ್ರ. ಈಗ ಕಣ್ಣು ಹೋಗುವುದು ತಂದೆಯ ಪಾತ್ರದ ಗಿರೀಶ ಕಾರ್ನಾಡರ ಕಡೆಗೆ. ಮಗನಿಗೆ ಅಂಜಿಕೆ ಬಿಡಿಸಬೇಕು, ಆದರೆ ಹೇಗೆಂದು ತಿಳಿಯದು. ಬಿಗುಮಾನ ಬಿಡಲೂ ಆಗದು. ಮರುದಿನ ರಾತ್ರಿ ಹುಡುಗ ತನ್ನ ಎಂದಿನ ಜಾಗದಲ್ಲೇ ಮಲಗಿ ನಿದ್ದೆ ಹೋಗಿರುತ್ತಾನೆ. ಸೋತವನು ತಂದೆ. ಬೆಳೆಯುವುದೆಂದರೆ ಬಹುಶಃ ಇದೇ: ಅದೇ ಚಿತ್ರದಲ್ಲಿ ಬೇರೊಬ್ಬನ ಕಷ್ಟ ಕಾಣತೊಡಗುವುದು.

ನಮ್ಮ ಹಳಹಳಿಕೆಗೆ ಧಾರಾವಾಹಿಯೂ ತುಸು ಹೊಣೆ ಎನ್ನಬೇಕು. ಮಲೆನಾಡಿನ ಹಸಿರು ಕಣ್ಣನ್ನು ತಣಿಸುತ್ತದೆ. ಆ ರಾಗ ಪ್ರತಿ ದುಃಖದ ಅಂಚನ್ನೂ ಮೃದುಗೊಳಿಸುತ್ತದೆ. ಲಕ್ಷ್ಮಣರ ರೇಖೆಗಳ ವ್ಯಂಗ್ಯ ಶೀರ್ಷಿಕೆಯಲ್ಲಿ ಇದ್ದಷ್ಟು ಒಳಗೆ ಇಲ್ಲ. ಇಂದು ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣವೇ 2020ರಿಂದ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಹಳೆಯ ಕಟ್ಟಡ ಉಳಿದದ್ದು ಸಂತೋಷವೇ. ಆದರೆ ಕಾದಂಬರಿಯಲ್ಲಿ ರೈಲು ನಿಲ್ದಾಣವೆಂದರೆ ಏನು ನಡೆದ ಜಾಗ ಎಂಬುದನ್ನು ಅಲ್ಲಿ ಫೋಟೋ ತೆಗೆಸಿಕೊಳ್ಳುವವರು ಒಮ್ಮೆ ನೆನೆಯಬೇಕು.

ಅಲ್ಲಿ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಕ್ರಿಕೆಟ್ ಪಂದ್ಯದ ದಿನ ಕೈಕೊಟ್ಟನೆಂದು ಅವನು ಸ್ವಾಮಿಯೊಡನೆ ಮಾತು ಬಿಟ್ಟಿದ್ದಾನೆ. ಸ್ವಾಮಿ ಒಂದು ಪುಸ್ತಕವನ್ನು ಕೊಡಲು ಒದ್ದಾಡುತ್ತಾನೆ; ರೈಲು ಚಲಿಸುವಾಗ ರಾಜಂ ಏನೋ ಅಂದಂತಾಗುತ್ತದೆ, ಆದರೆ ಕೇಳಿಸುವುದಿಲ್ಲ. ಗೆಳೆಯ ಮಣಿ ಸಮಾಧಾನ ಹೇಳುತ್ತಾನೆ. ಅದು ನಿಜವೋ ಸುಳ್ಳೋ ಎಂದು ಸ್ವಾಮಿಗೆ ತಿಳಿಯದು. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಮುರಿದ ಸ್ನೇಹಕ್ಕೆ ಕೂಡಿಕೆಯೇ ಇಲ್ಲ.

ಹಳಹಳಿಕೆಯೂ ಮಣಿಯ ಮಾತಿನಂತೆ ಒಂದು ಕರುಣೆಯ ಸುಳ್ಳು. ಕರುಣೆಯ ಸುಳ್ಳನ್ನು ನಾರಾಯಣರು ಹಳಿಯುವವರಲ್ಲ. ‘ದಿ ಮಿಸ್ಸಿಂಗ್ ಮೇಲ್’ ಕತೆಯ ಅಂಚೆಯವ ತಾನಪ್ಪ, ಮದುವೆ ನಿಲ್ಲದಿರಲೆಂದು ಸಾವಿನ ಸುದ್ದಿಯನ್ನು ಬಚ್ಚಿಡುತ್ತಾನೆ. ಆದರೆ ಮದುವೆ ಮುಗಿದ ಮೇಲೆ ಅವನೇ ಅದನ್ನು ತಂದೊಪ್ಪಿಸಿ ತಪ್ಪೊಪ್ಪಿಕೊಳ್ಳುತ್ತಾನೆ. ಅವನ ದೊಡ್ಡತನವಿರುವುದು ಅಲ್ಲಿ. ನಮ್ಮ ಬಾಲ್ಯವೆಂಬ ಮದುವೆಯ ಮನೆಯಲ್ಲಿ ಟೆಲಿವಿಷನ್ ಕೆಲವು ಸುದ್ದಿಗಳನ್ನು ಮರೆಮಾಡಿತು. ಅದಕ್ಕೆ ನಾವು ಕೃತಜ್ಞರು. ಈಗ ಆ ಕಾಗದವನ್ನು ಒಡೆದು ಓದುವ ವಯಸ್ಸು ಬಂದಿದೆ. ‘ಮಾಲ್ಗುಡಿ ಡೇಸ್’ ಹೀಗೆ ಓದಿದರೂ ತಾಳಿಕೊಳ್ಳಬಲ್ಲ ಕೃತಿ. ಬರಿಯ ಸಿಹಿ ನೆನಪಾಗಿ ಉಳಿಸಿಕೊಂಡರೆ ಅದನ್ನು ಕಳೆದುಕೊಂಡಂತೆಯೇ.