ಗರ್ಜನೆಗೂ ಕಾರಣ ಬೇಕು

2008ರ ‘ವಾಟರ್‌ಶೆಡ್’ ಆಲ್ಬಂ ಆದಮೇಲೆ ಸ್ವೀಡನ್ನಿನ ಓಪೆತ್ ಎಂಬ ಮೆಟಲ್ ತಂಡದ ಗಾಯಕ ಮೈಕೆಲ್ ಓಕರ್‌ಫೆಲ್ಟ್ ಹೊಸ ಆಲ್ಬಂಗಳಲ್ಲಿ ಗ್ರೌಲ್ ಮಾಡುವುದನ್ನೇ ಬಿಟ್ಟಿದ್ದರು. ಹೊಟ್ಟೆಯಾಳದಿಂದ ಎದ್ದು ಬರುವ ಆ ಗರ್ಜನೆಗೆಂದೇ ಓಪೆತ್ ಕೇಳುತ್ತಿದ್ದವರು ಹದಿನಾರು ವರ್ಷ ಕಾಯಬೇಕಾಯಿತು. 2024ರ ನವೆಂಬರಿನಲ್ಲಿ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ ಬಂತು, ಗರ್ಜನೆ ಮರಳಿತು. ಅಭಿಮಾನಿಗಳು ಅದನ್ನೇ ಸಂಭ್ರಮಿಸಿದರು. ನನ್ನನ್ನು ಹಿಡಿದು ಕೂರಿಸಿದ್ದು ಅದು ಮರಳಿದ ರೀತಿ.

ಆಲ್ಬಂ ಹೇಳುವುದು ಒಂದು ಕಥೆ. ಮೊದಲ ಮಹಾಯುದ್ಧ ಮುಗಿದ ಕಾಲ. ಸಿರಿವಂತ ಮನೆಯ ಯಜಮಾನ ತೀರಿಕೊಂಡಿದ್ದಾನೆ, ಮಕ್ಕಳೆದುರು ಉಯಿಲು ಓದುತ್ತಿದ್ದಾರೆ. ಮೊದಲ ಏಳು ಹಾಡುಗಳಿಗೆ ಹೆಸರಿಲ್ಲ, ಉಯಿಲಿನ ಕಲಮುಗಳಂತೆ ಬರಿ ಅಂಕಿ. ಒಂದೊಂದು ಕಲಮಿಗೂ ಮನೆತನದ ಒಂದೊಂದು ಗುಟ್ಟು ಬಯಲಾಗುತ್ತದೆ. ಸತ್ತ ಮೇಲೂ ಮಕ್ಕಳ ಮೇಲೆ ದರ್ಪ ನಡೆಸುವ ಅಪ್ಪನಿಗೆ ಇನ್ನೆಂಥ ದನಿ ಕೊಡಲು ಸಾಧ್ಯವಿತ್ತು? ಗರ್ಜನೆ ಇಲ್ಲಿ ಪಾತ್ರವಾಗಿದೆ. ನಾಲ್ಕನೆಯ ಕಲಮಿನ ನಡುವೆ ಅಬ್ಬರ ತಟ್ಟನೆ ನಿಲ್ಲುತ್ತದೆ. ಹಾರ್ಪಿನ ತಂತಿಗಳು ಮಿಡಿಯುತ್ತವೆ, ಜೆತ್ರೋ ಟಲ್ ತಂಡದ ಇಯಾನ್ ಆಂಡರ್ಸನ್ ಕೊಳಲು ಹಿಡಿದು ಬರುತ್ತಾರೆ. ಆ ಕೊಳಲು ಸಮಾಧಾನ ಹೇಳುವುದಿಲ್ಲ. ಮುಂದೆ ಏನು ಕಾದಿದೆಯೋ ಎಂದು ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಕೇಳುಗ ಹೀಗೆ ಉಸಿರು ಬಿಗಿಹಿಡಿಯಬೇಕಾದರೆ ಮೊದಲು ಅಬ್ಬರ ಇರಬೇಕಿತ್ತು, ಆಮೇಲೆ ಅದು ಇಲ್ಲವಾಗಬೇಕಿತ್ತು.

ಇಂಥ ಕಥನಕ್ಕೆ ಹಳೆಯ ಬೇರುಗಳಿವೆ. ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್‌ನಿಂದ ಉದ್ದನೆಯ ಹಾಡು, ಕಥನ, ತಿರುವುಮುರುವಾದ ಲಯ ಇವೆಲ್ಲ ಮೆಟಲ್‌ಗೆ ಬಂದವು. ಮೆಟಲ್‌ಗೆ ಆರ್ಕೆಸ್ಟ್ರಾವನ್ನೂ ವೃಂದಗಾನವನ್ನೂ ಬೆಸೆಯುವ ಸಿಂಫೋನಿಕ್ ಕವಲು ಇನ್ನೂ ದೊಡ್ಡದಕ್ಕೆ ಕೈ ಚಾಚಿತು. 1996ರಲ್ಲಿ ಸ್ವೀಡನ್ನಿನ ಥೀರಿಯನ್ ತಂಡ ‘ಥೇಲಿ’ಯಲ್ಲಿ ವೃಂದಗಾನವನ್ನು ಮೆಟಲ್‌ನ ನಡುಮನೆಗೇ ತಂದು ಕೂರಿಸಿತು. ಅದೇ ವರ್ಷ ಫಿನ್ಲೆಂಡಿನ ಕಿಟೆ ಎಂಬ ಸಣ್ಣ ಊರಿನಲ್ಲಿ ಟುವೊಮಸ್ ಹೊಲೊಪೈನೆನ್ ನೈಟ್‌ವಿಶ್ ತಂಡ ಕಟ್ಟಿದರು.

ಈ ಕವಲಿನ ತೊಡಕು ಸದ್ದಿನ ಒಳಗೇ ಇದೆ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಒಂದು ಸ್ವರ ನುಡಿಸಿದರೂ ಅದರ ಮೇಲೆ ಹತ್ತಾರು ಉಪಸ್ವರಗಳು ಏಳುತ್ತವೆ. ವಯೊಲಿನ್, ಚೆಲ್ಲೊ, ಟ್ರಂಪೆಟ್‌ಗಳು ಉಸಿರಾಡಬೇಕಾದ ಜಾಗವನ್ನೆಲ್ಲ ಅವು ಆಕ್ರಮಿಸಿಕೊಳ್ಳುತ್ತವೆ. ಐವತ್ತು ಮಂದಿ ವಾದ್ಯಗಾರರನ್ನು ಕರೆಸಿದರೂ ಒಬ್ಬ ಗಿಟಾರಿಸ್ಟ್ ಅವರನ್ನು ಮುಚ್ಚಿಹಾಕಬಲ್ಲ. ಮೆಲುದನಿಯನ್ನೂ ಗಟ್ಟಿದನಿಯನ್ನೂ ಮಿಕ್ಸಿಂಗ್‌ನಲ್ಲಿ ಒಂದೇ ಮಟ್ಟಕ್ಕೆ ತಂದುಬಿಟ್ಟರಂತೂ ದೊಡ್ಡದು ಯಾವುದು, ಚಿಕ್ಕದು ಯಾವುದು ಎಂಬ ಅಂದಾಜೇ ಕಿವಿಗೆ ಸಿಗುವುದಿಲ್ಲ.

ನೈಟ್‌ವಿಶ್‌ನ 2020ರ ಆಲ್ಬಂ ‘ಹ್ಯೂಮನ್. ನೇಚರ್.’ನಲ್ಲಿ ಹೊಲೊಪೈನೆನ್ ಎರಡನೆಯ ಡಿಸ್ಕನ್ನು ಪೂರ್ತಿ ಆರ್ಕೆಸ್ಟ್ರಾಕ್ಕೇ ಬಿಟ್ಟುಕೊಟ್ಟರು. ಜಗಳವಾಡುವ ಅಣ್ಣತಮ್ಮಂದಿರಿಗೆ ಬೇರೆ ಮನೆ ಮಾಡಿಕೊಟ್ಟ ಹಾಗೆ. ನೆಮ್ಮದಿಯೇನೋ ಸಿಕ್ಕಿತು, ಆದರೆ ಸಿಂಫೋನಿಕ್ ಮೆಟಲ್‌ನ ಆಸೆಯೇ ಒಟ್ಟು ಸಂಸಾರದ್ದು. 2024ರ ‘ಯೆಸ್ಟರ್‌ವಿಂಡ್’ನಲ್ಲಿ ಅಣ್ಣತಮ್ಮಂದಿರು ಮತ್ತೆ ಒಂದಾದರು. ಹನ್ನೆರಡು ಹಾಡು, ಒಂದು ಗಂಟೆ ಮೀರಿದ ಸಂಗೀತ, ಕಾಲವನ್ನೂ ಸಾವನ್ನೂ ಕುರಿತ ಧ್ಯಾನ. ನಾನು ಈ ತಂಡವನ್ನು ಪ್ರೀತಿಸುತ್ತೇನೆ, ಆದ್ದರಿಂದಲೇ ಹೇಳಬೇಕು: ಹಲವು ಹಾಡುಗಳಲ್ಲಿ ವೃಂದಗಾನ, ಆರ್ಕೆಸ್ಟ್ರಾ, ಗಿಟಾರು ಒಟ್ಟಿಗೆ ಮುಗಿಬಿದ್ದು ಫ್ಲೋರ್ ಯಾನ್ಸನ್ ಅವರ ದನಿ ಹಿಂದೆ ಸರಿದಿದೆ. ಒಪೆರಾ, ಪಾಪ್, ಗರ್ಜನೆ ಮೂರನ್ನೂ ಒಂದೇ ಗಂಟಲಿನಲ್ಲಿ ಇಟ್ಟುಕೊಂಡ ಗಾಯಕಿಯನ್ನು ಹುಡುಕಿಕೊಂಡು ಕೇಳಬೇಕಾಗಿ ಬಂದದ್ದು ನನಗೆ ಸಂಕಟ.

ಪ್ರೊಗ್ರೆಸಿವ್ ಮೆಟಲ್‌ನ ಡ್ರೀಮ್ ಥಿಯೇಟರ್ ತಂಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2010ರಲ್ಲಿ ತಂಡ ಬಿಟ್ಟಿದ್ದ ಡ್ರಮ್ಮರ್ ಮೈಕ್ ಪೋರ್ಟ್ನೊಯ್ ಮರಳಿದ ಮೇಲೆ 2025ರಲ್ಲಿ ‘ಪ್ಯಾರಾಸೋಮ್ನಿಯಾ’ ಬಂತು. ಕೈಚಳಕಕ್ಕೆ ಎಂದಿನಂತೆ ಕೊರತೆಯಿಲ್ಲ. ಮಿಶ್ರಛಾಪುವಿನ ಏಳಕ್ಕೆ ತೊಡೆ ತಟ್ಟಿ ಬೆಳೆದ ಕನ್ನಡದ ಕಿವಿಗೆ ಈ ತಂಡದ ಬೆಸಸಂಖ್ಯೆಯ ಲಯ ಅಷ್ಟೇನೂ ಹೊಸದಲ್ಲ. ಎಣಿಕೆ ಮರೆತುಹೋಗುವಂತೆ ಹಾಡು ಹರಿಯಬೇಕು. ಹತ್ತೊಂಬತ್ತು ನಿಮಿಷ ಮೀರಿದ ಕೊನೆಯ ಹಾಡಿನಲ್ಲಿ ಹಾಗೆ ಹರಿಯುವ ಘಳಿಗೆಗಳಿವೆ, ಬೆರಳಲ್ಲಿ ಎಣಿಸುತ್ತ ಕೂತ ಘಳಿಗೆಗಳೂ ಇವೆ.

‘ಯೆಸ್ಟರ್‌ವಿಂಡ್’ನ ಕೊನೆಯಲ್ಲಿ ‘ಲ್ಯಾಂಟರ್ನ್‌ಲೈಟ್’ ಎಂಬ ಹಾಡಿದೆ. ಅಷ್ಟೊಂದು ಸದ್ದನ್ನು ಹೊತ್ತು ತಂದವರು ಅಲ್ಲಿ ಎಲ್ಲವನ್ನೂ ಕೆಳಗಿಳಿಸಿ ಪಿಯಾನೊ ಮುಂದೆ ಕೂರುತ್ತಾರೆ. ಯಾನ್ಸನ್ ಮೆಲ್ಲಗೆ, ಹತ್ತಿರ ಕೂತವರಿಗೆ ಹೇಳಿದಂತೆ ಹಾಡುತ್ತಾರೆ. ಆಲ್ಬಂ ಮುಗಿದ ಮೇಲೆ ಆ ಒಂದು ಹಾಡನ್ನು ಮತ್ತೊಮ್ಮೆ ಹಾಕದೆ ನಾನು ಹೆಡ್‌ಫೋನ್ ತೆಗೆದದ್ದಿಲ್ಲ.