ಗಣಕಯಂತ್ರದ ಉಚಿತ ಕ್ಯಾಲೆಂಡರೂ ಅದನ್ನು ಬಳಸುವವರ ಅಭಿಪ್ರಾಯಗಳೂ

ಗ್ರಂಥವನ್ನು ವಿಮರ್ಶಿಸುವವನು ಗ್ರಂಥವನ್ನು ಓದಬೇಕೇ ಹೊರತು ಓದಿದವರ ಮಾತನ್ನು ನೆಚ್ಚಬಾರದು. ಉಪಕರಣದ ವಿಷಯ ಹಾಗಲ್ಲ; ಅದರ ಗುಣದೋಷಗಳು ಬಳಸುವವರ ಕೈಯಲ್ಲಿಯೇ ತೋರುವುವು. ಗಣಕಯಂತ್ರದಲ್ಲಿ ಹಣ ಕೊಡದೆ ದೊರೆಯುವ ಸರಳ ಕ್ಯಾಲೆಂಡರನ್ನು ಕುರಿತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯ ಅಧ್ಯಾಪಕ ಮಿತ್ರರಿಂದಲೂ ವಿದ್ಯಾರ್ಥಿಗಳಿಂದಲೂ ಕೇಳಿಬಂದ ಅಭಿಪ್ರಾಯಗಳನ್ನು ಇಲ್ಲಿ ಪರಿಶೀಲಿಸಿದೆ. ಗ್ನೋಮ್ ಯೋಜನೆಯ ಕ್ಯಾಲೆಂಡರು, ಥಂಡರ್‌ಬರ್ಡ್ ಅಂಚೆ ತಂತ್ರಾಂಶದೊಳಗಿನ ಕ್ಯಾಲೆಂಡರು ಮುಂತಾದವು ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ.

ಮೆಚ್ಚುವವರ ಮಾತು ಹೆಚ್ಚುಕಡಮೆ ಒಂದೇ ಬಗೆಯದು: ಬೇಗ ತೆರೆಯುತ್ತದೆ, ಜಾಹೀರಾತಿಲ್ಲ, ತಿಂಗಳ ಪುಟ ಒಂದೇ ನೋಟಕ್ಕೆ ಸಿಕ್ಕುತ್ತದೆ, ಪರೀಕ್ಷೆಯ ದಿನವನ್ನು ಗುರುತಿಟ್ಟರೆ ತಾನಾಗಿ ನೆನಪಿಸುತ್ತದೆ. ಇವೆಲ್ಲ ನಿಜವಾದ ಗುಣಗಳು. ಅಂಗಡಿಯವರೂ ಸಹಕಾರ ಸಂಘದವರೂ ವರ್ಷಾರಂಭದಲ್ಲಿ ಹಂಚುವ ಗೋಡೆ ಕ್ಯಾಲೆಂಡರೂ ಉಚಿತವೇ. ಆದರೆ ಅದರಲ್ಲಿ ಹಂಚಿದವರ ಹೆಸರು ದಿನಾಂಕಗಳಿಗಿಂತ ದೊಡ್ಡದಾಗಿರುವುದುಂಟು. ಗಣಕದ ಕ್ಯಾಲೆಂಡರು ಈ ಉಪದ್ರವದಿಂದ ಮುಕ್ತವಾಗಿದೆ.

ಆಕ್ಷೇಪಿಸುವವರ ಮಾತೂ ಒಂದೇ: “ಇದರಲ್ಲಿ ತಿಥಿಯಿಲ್ಲ, ನಕ್ಷತ್ರವಿಲ್ಲ, ರಾಹುಕಾಲವಿಲ್ಲ, ಗೋಡೆಯ ಮೇಲೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಇರಲೇಬೇಕು.” ಇದನ್ನು ಹಳೆಯ ರೂಢಿಯವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಘಾಟಿ ಸುಬ್ರಹ್ಮಣ್ಯದ ರಥೋತ್ಸವವನ್ನು ಇಂತಹದೊಂದು ಕ್ಯಾಲೆಂಡರಿನಲ್ಲಿ “ಪ್ರತಿವರ್ಷ” ಎಂದು ಗುರುತಿಸಿಟ್ಟಿದ್ದನು. ಮರುವರ್ಷ ಯಂತ್ರವು ನೆನಪಿಸಿದ ದಿನ ರಥವೂ ಇರಲಿಲ್ಲ, ಜಾತ್ರೆಯೂ ಇರಲಿಲ್ಲ. ರಥೋತ್ಸವ ನಡೆಯುವುದು ಪುಷ್ಯ ಶುದ್ಧ ಷಷ್ಠಿಯಂದು. ಯಂತ್ರಕ್ಕೆ ತಿಳಿದಿದ್ದುದು ಹಿಂದಿನ ವರ್ಷದ ಇಂಗ್ಲಿಷ್ ತಾರೀಖು ಮಾತ್ರ.

ಇಲ್ಲಿ ಯಂತ್ರವು ಲೆಕ್ಕದಲ್ಲಿ ತಪ್ಪಲಿಲ್ಲ. ಚಾಂದ್ರವರ್ಷವು ಸುಮಾರು 354 ದಿನಗಳದು. ಆ ಕೊರತೆಯನ್ನು ಅಧಿಕಮಾಸವು ತುಂಬುತ್ತದೆ. ಯುಗಾದಿಯು 2022ರಲ್ಲಿ ಏಪ್ರಿಲ್ 2ರಂದೂ 2023ರಲ್ಲಿ ಮಾರ್ಚ್ 22ರಂದೂ ಬಂದಿತು; 2023ರ ಅಧಿಕ ಶ್ರಾವಣದ ಬಳಿಕ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು. ಗಣಕಗಳು ತಮ್ಮೊಳಗೆ ದಿನಾಂಕಗಳನ್ನು ವಿನಿಮಯ ಮಾಡಿಕೊಳ್ಳುವ ಐಕ್ಯಾಲೆಂಡರ್ ಎಂಬ ಕ್ರಮವು 1998ರಲ್ಲಿ ಗೊತ್ತಾದಾಗ, “ಪ್ರತಿವರ್ಷ” ಎಂಬ ಮಾತಿಗೆ ಗ್ರೆಗೋರಿಯನ್ ವರ್ಷವೆಂಬ ಒಂದೇ ಅರ್ಥವಿದ್ದಿತು. ಬೇರೆ ಗಣನೆಗಳಿಗೆ ಎಡೆಮಾಡುವ ವಿಸ್ತರಣೆ ಬಂದದ್ದು 2015ರಲ್ಲಿ.

ಇನ್ನೊಂದು ವಿಚಿತ್ರವುಂಟು. ತಂತ್ರಾಂಶಗಳಿಗೆ ಆಧಾರವಾದ ಯೂನಿಕೋಡ್ ಸಂಗ್ರಹದಲ್ಲಿ “ಭಾರತೀಯ” ಎಂಬ ಹೆಸರಿನ ಒಂದು ಕ್ಯಾಲೆಂಡರಿದೆ. ಅದು ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯು 1955ರಲ್ಲಿ ಶಿಫಾರಸು ಮಾಡಿ, 1957ರ ಮಾರ್ಚ್ 22ರಿಂದ ಸರ್ಕಾರವು ಬಳಕೆಗೆ ತಂದ ರಾಷ್ಟ್ರೀಯ ಶಕ ಕ್ಯಾಲೆಂಡರು. ಅದರ ಚೈತ್ರ 1ನೆಯ ದಿನ 2023ರಲ್ಲಿ ಯುಗಾದಿಯೊಂದಿಗೆ ಕೂಡಿಬಂದದ್ದು ಆಕಸ್ಮಿಕ. 2024ರಲ್ಲಿ ಅದು ಮಾರ್ಚ್ 21ರಂದೇ ಬಂದುಹೋಯಿತು. ಹಬ್ಬವನ್ನು ಹುಡುಕುವವನಿಗೆ “ಭಾರತೀಯ” ಎಂಬ ಹೆಸರೇ ದಾರಿ ತಪ್ಪಿಸುವುದು.

ಹಾಗೆಂದು “ಪಂಚಾಂಗವನ್ನು ಸೇರಿಸಿಬಿಡಿ” ಎಂಬ ಬೇಡಿಕೆಯನ್ನೂ ವಿಚಾರಿಸದೆ ಒಪ್ಪುವಂತಿಲ್ಲ. ಯಾವ ಪಂಚಾಂಗ? ದೃಗ್ಗಣಿತದ್ದೋ ವಾಕ್ಯದ್ದೋ? ಸ್ಮಾರ್ತರ ಏಕಾದಶಿಯೋ ವೈಷ್ಣವರದೋ? ಹಿಜರಿ ತಿಂಗಳನ್ನು ಚಂದ್ರದರ್ಶನದಿಂದ ಎಣಿಸುವವರಿಗೆ ಏನು ವ್ಯವಸ್ಥೆ? ಪಂಚಾಂಗವೆಂಬುದು ಒಂದೇ ಇದೆಯೆಂದು ಭಾವಿಸುವ ಆಕ್ಷೇಪಕನೂ, ತಾರೀಖು ಒಂದೇ ಬಗೆಯದೆಂದು ಭಾವಿಸುವ ಪ್ರಶಂಸಕನೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಗಣನೆಗಳು ಹಲವು ಎಂಬುದನ್ನು ಇಬ್ಬರೂ ಮರೆತಿದ್ದಾರೆ.

ಚರಿತ್ರೆಯ ವಿದ್ಯಾರ್ಥಿಗೆ ಈ ಮರೆವು ಹಬ್ಬ ತಪ್ಪುವುದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡುವುದು. ಇಂದಿನ ಗಣಕ ಕ್ಯಾಲೆಂಡರುಗಳಲ್ಲಿ ಹೆಚ್ಚಿನವು ಗ್ರೆಗೋರಿಯನ್ ಕ್ರಮವನ್ನು, ಅದು ಹುಟ್ಟಿದ 1582ಕ್ಕಿಂತ ಹಿಂದಕ್ಕೂ ಹಾಗೆಯೇ ಎಳೆದುಕೊಂಡು ಹೋಗುತ್ತವೆ. ಇಂಗ್ಲೆಂಡು ಈ ಕ್ರಮವನ್ನು ಒಪ್ಪಿದ್ದು 1752ರಲ್ಲಿ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪೂ ಸುಲ್ತಾನನ ಜನ್ಮದಿನವನ್ನು ಹಿಜರಿ 1163ರ ಜಿಲ್‌ಹಜ್ 20, ಎಂದರೆ 1750ರ ನವೆಂಬರ್ 20 ಎಂದು ಸಾಮಾನ್ಯವಾಗಿ ಹೇಳುವರು. ಇದು ಹೊಸ ಕ್ರಮದ ತಾರೀಖು, ಅಂದು ಶುಕ್ರವಾರ. ಅಂದಿನ ಇಂಗ್ಲಿಷರ ಲೆಕ್ಕದಲ್ಲಿ ಅದೇ ದಿನ ನವೆಂಬರ್ 9. ಅವರ ಕಾಗದವೊಂದರಲ್ಲಿ 1750ರ ನವೆಂಬರ್ 20 ಎಂದಿದ್ದರೆ ಅದು ಮಂಗಳವಾರವಾಗಬೇಕು. ಗಣಕವನ್ನು ಕೇಳಿದರೆ ಶುಕ್ರವಾರವೆಂದು ನಿಸ್ಸಂಕೋಚವಾಗಿ ಹೇಳುವುದು. ಯೂನಿಕ್ಸ್ ಯಂತ್ರಗಳ ಹಳೆಯ “ಕ್ಯಾಲ್” ಎಂಬ ಆಜ್ಞೆಯಾದರೋ 1752ರ ಸೆಪ್ಟೆಂಬರಿನಲ್ಲಿ 2ರ ಮುಂದೆ 14ನ್ನು ಮುದ್ರಿಸಿ, ನಡುವೆ 11 ದಿನಗಳು ಲೋಪವಾದುದನ್ನು ತೋರಿಸುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಆದರೂ ಇದು ಹೆಚ್ಚು ಪ್ರಾಮಾಣಿಕವಾದ ಸರಳತೆ.

ಟಿಪ್ಪುವೇ ತನ್ನ ರಾಜ್ಯಕ್ಕೆ ಹೊಸದೊಂದು ಗಣನೆಯನ್ನು ತಂದನೆಂಬುದೂ ಇಲ್ಲಿ ಸ್ಮರಣೀಯ. ಅವನ ಮೌಲೂದಿ ಶಕೆಯ ತಿಂಗಳುಗಳಿಗೆ ಅಹಮದಿ, ಬಹಾರಿ ಮೊದಲಾದ ಹೆಸರುಗಳಿದ್ದುವು; ಆದರೂ ಅದು ಶುದ್ಧ ಚಾಂದ್ರಮಾನವನ್ನು ಬಿಟ್ಟು ಈ ನಾಡಿನ ಚಾಂದ್ರಸೌರ ಕ್ರಮವನ್ನೂ ಅರವತ್ತು ಸಂವತ್ಸರಗಳ ಚಕ್ರವನ್ನೂ ಅನುಸರಿಸಿತು. ಅವನ ನಾಣ್ಯಗಳ ಮೇಲೆ ಮೌಲೂದಿ 1215ರಿಂದ ಮುಂದಿನ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆಜ್ಞೆ ಹೊರಡಿಸಬಲ್ಲ ದೊರೆಯೂ ರೈತನ ಋತುಮಾನವನ್ನು ಕಡೆಗಣಿಸಲಾರದೆ ಹೋದನೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದುದರಿಂದ ಉಚಿತ ಕ್ಯಾಲೆಂಡರಿನಿಂದ ನಾವು ಬಯಸಬೇಕಾದುದು ಎರಡೇ: ತಾನು ಯಾವ ಗಣನೆಯನ್ನು ಅನುಸರಿಸುತ್ತಿದೆಯೆಂಬುದನ್ನು ಅದು ಸ್ಪಷ್ಟವಾಗಿ ಹೇಳಲಿ, ಬೇಕಾದವರಿಗೆ ಎರಡನೆಯ ಗಣನೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಲು ಎಡೆಕೊಡಲಿ. ಅದು ದುಸ್ಸಾಧ್ಯವೇನಲ್ಲ. ಡರ್ಶೋವಿಟ್ಜ್ ಮತ್ತು ರೈನ್‌ಗೋಲ್ಡ್ ಎಂಬ ವಿದ್ವಾಂಸರು 1997ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಗಣನಾಸೂತ್ರಗಳಲ್ಲಿ ಹಿಂದೂ ಕ್ರಮಗಳೂ ಸೇರಿವೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ನಮ್ಮ ಈ ತಾಲ್ಲೂಕುಗಳ ಶಾಸನಗಳಿವೆ. ಅವುಗಳ ಕಾಲವನ್ನು ಬರೆದುಕೊಳ್ಳುವಾಗ ಶಕವರ್ಷಕ್ಕೆ 78ನ್ನು ಕೂಡಿಸಿ ಗಣಕದಲ್ಲಿ ವಾರವನ್ನು ನೋಡಿದರೆ ಸಾಲದು. ಪುಷ್ಯ, ಮಾಘಗಳಲ್ಲಿ 79 ಆಗಬಹುದು. ಉಕ್ತವಾದ ವರ್ಷವು ಗತವೋ ವರ್ತಮಾನವೋ ಎಂಬುದನ್ನೂ ನೋಡಬೇಕು. ಮೊದಲು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಶಾಸನದಲ್ಲಿರುವಂತೆಯೇ ಬರೆದುಕೊಳ್ಳಿರಿ. ಅನಂತರ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೊಡನೆ ತಾಳೆ ನೋಡಿರಿ. ಗಣಕವನ್ನು ಕೊನೆಯಲ್ಲಿ ಕೇಳಿದರೆ ಅದು ಉಪಕಾರಿ. ಮೊದಲೇ ಕೇಳಿದರೆ ಅದು ಕೊಟ್ಟ ಉತ್ತರಕ್ಕೆ ಶಾಸನವನ್ನು ಬಗ್ಗಿಸುವ ಆಸೆ ಹುಟ್ಟುವುದು.